ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲೇ ಬಣ್ಣ: ಕೆಲವು ಎಚ್ಚರಿಕೆಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿಗಳನ್ನು ಹೊರನಾಡಿನ ನಮ್ಮವರು ಕೆಲವರು ಇಂದಿಗೂ ಮಮತೆಯಿಂದ ಕಾಪಾಡಿಕೊಂಡಿದ್ದಾರೆ. ಅವುಗಳ ಅಂದವೆಲ್ಲ ಟ್ಯಾಂಕಿನಲ್ಲಿದೆ. ಅದು ಮಾಸಿದಾಗ ಸ್ಪ್ರೇ ಡಬ್ಬಿ ತಂದು ಬಾಲ್ಕನಿಯಲ್ಲೇ ಬಣ್ಣ ಹಾಕುವ ಹಂಬಲ ಸಹಜವಾದುದು, ಕೆಲಸವೂ ಕಠಿಣವಲ್ಲ. ಆದರೆ ಈ ಉಳಿತಾಯದ ಖರ್ಚನ್ನು ದೇಹದ ಲೆಕ್ಕಕ್ಕೆ ಬರೆಯುವ ಸಂಭವವುಂಟು.

ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಗಾಳಿಯಲ್ಲಿ ಪೆಟ್ರೋಲ್ ಆವಿಯು ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಭಾಗದಷ್ಟು ಬೆರೆತಿದ್ದರೆ ಕಿಡಿಯೊಂದು ಸಾಕು. ಗಾಳಿಗಿಂತ ಭಾರವಾದ ಆ ಆವಿ ನೆಲದ ಮೇಲೆ ಹರಿದು ಅಡುಗೆಮನೆಯ ಒಲೆಯನ್ನೋ ದೇವರ ಮುಂದಿನ ದೀಪವನ್ನೋ ತಲಪಬಲ್ಲುದು. ಆದಕಾರಣ ಟ್ಯಾಂಕನ್ನು ಬಯಲಿನಲ್ಲಿ ಬರಿದುಮಾಡಿ, ಸೋಪಿನ ನೀರಿನಿಂದ ಹಲವು ಸಲ ತೊಳೆದು, ಬಾಯಿ ತೆರೆದಿಟ್ಟು ಒಣಗಿಸಬೇಕು. ತೊಳೆದ ಮೇಲೂ ಗ್ರೈಂಡರ್, ಹೀಟ್ ಗನ್, ಬೆಸುಗೆ ಸಲ್ಲವು.

ಹಳೆಯ ಬಣ್ಣಗಳಲ್ಲಿ, ವಿಶೇಷವಾಗಿ ಕೆಂಪು, ಹಳದಿಗಳಲ್ಲಿ, ಸೀಸದ ಸಂಯುಕ್ತಗಳಿರುವುದು ಸಾಮಾನ್ಯವಾಗಿತ್ತು. 2017ರ ನವೆಂಬರಿನಲ್ಲಿ ಜಾರಿಗೆ ಬಂದ 90 ಪಿಪಿಎಂ ಮಿತಿಯು ಗೃಹೋಪಯೋಗಿ ಹಾಗೂ ಅಲಂಕಾರಿಕ ಬಣ್ಣಗಳಿಗೆ ಸಂಬಂಧಿಸಿದುದೇ ಹೊರತು ವಾಹನದ ಬಣ್ಣಕ್ಕಲ್ಲ. ಆದುದರಿಂದ ಒಣಗಿದಂತೆಯೇ ಉಜ್ಜದೆ, ನೀರು ಹಾಕುತ್ತ ವಾಟರ್ ಪೇಪರಿನಿಂದ ಉಜ್ಜಿ, ರಾಡಿಯನ್ನು ಒರಸಿ ತೆಗೆಯಬೇಕು. ಮಕ್ಕಳನ್ನು ಹತ್ತಿರ ಬಿಡಕೂಡದು. ಅವರ ಮಿದುಳಿಗೆ ಸೀಸವು ಮಾಡುವ ಹಾನಿ ವಸೂಲಾಗದ ಸಾಲ.

ಪ್ರೈಮರ್ ಮತ್ತು ಬಣ್ಣವನ್ನು ತೆಳುವಾದ ಲೇಪಗಳಾಗಿ ಬಿಡುವುದು ಅಭ್ಯಾಸದಿಂದ ಬರುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ಬೇಡ, ತೇವಕ್ಕೆ ಬಣ್ಣ ಮಂಕಾಗುತ್ತದೆ. ನಿಜವಾದ ತೊಡಕು ಕೊನೆಯ ಪದರದ್ದು. ಸಾಮಾನ್ಯ ಅಕ್ರಿಲಿಕ್ ಸ್ಪ್ರೇ ಪೆಟ್ರೋಲ್ ತುಳುಕಿದರೆ ಮೆತ್ತಗಾಗಿ ಏಳುತ್ತದೆ. ತಾಳಿಕೊಳ್ಳುವುದು ಹಾರ್ಡನರ್ ಬೆರೆಸಿದ ‘ಟೂ-ಕೆ’ ಕ್ಲಿಯರ್. ಆ ಹಾರ್ಡನರಿನಲ್ಲಿರುವುದಾದರೋ ಐಸೋಸಯನೇಟ್, 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ವಿಷದ ಕುಲದ್ದೇ. ಅದರಷ್ಟು ಬೇಗ ಆವಿಯಾಗದಿದ್ದರೂ ಸ್ಪ್ರೇಯ ಮಂಜಾಗಿ ಇದು ಶ್ವಾಸಕೋಶವನ್ನು ಹೊಗುತ್ತದೆ. ಒಮ್ಮೆ ದೇಹಕ್ಕೆ ಒಗ್ಗದಾಯಿತೆಂದರೆ, ಅನಂತರ ಅತ್ಯಲ್ಪ ಪ್ರಮಾಣವೂ ಆಸ್ತಮಾ ಕೆರಳಿಸಬಲ್ಲುದು. ಕರವಸ್ತ್ರವಾಗಲಿ ಕೋವಿಡ್ ಕಾಲದ ಎನ್-95 ಆಗಲಿ ಆವಿಯನ್ನು ತಡೆಯದು. ಇದ್ದಿಲಿನ ಕಾರ್ಟ್ರಿಜ್ ಹಾಗೂ ಧೂಳಿನ ಫಿಲ್ಟರ್ ಎರಡೂ ಉಳ್ಳ ಮುಖವಾಡ, ಬಯಲಿನಲ್ಲಿ, ಸಾಮಾನ್ಯ ಬಣ್ಣಕ್ಕೆ ಸಾಕು. ಐಸೋಸಯನೇಟಿಗೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಯುಕ್ತ. ಹಾನಿಯ ಪ್ರಮಾಣದಲ್ಲಿದ್ದರೂ ಅದರ ವಾಸನೆ ಮೂಗಿಗೆ ತಿಳಿಯದು.

ಬಣ್ಣ ಮನೆಯಲ್ಲಿ, ಕ್ಲಿಯರ್ ವರ್ಕ್‌ಶಾಪಿನಲ್ಲಿ ಎಂಬುದು ನನ್ನ ಮತ. ನೀವು ಹಾಕಿದ ಬಣ್ಣದ ಮೇಲೆ ಅದು ಹೊಂದುವುದೇ ಎಂದು ಮೊದಲೇ ವಿಚಾರಿಸಿರಿ. ಅಲ್ಲಿಯೂ ಹುಡುಗನೊಬ್ಬ ಮೂಗಿಗೆ ಬಟ್ಟೆ ಕಟ್ಟಿ ಸ್ಪ್ರೇ ಮಾಡುತ್ತಿದ್ದರೆ, ನಮ್ಮ ಅಪಾಯವನ್ನು ಅವನ ಹೆಸರಿಗೆ ವರ್ಗಾಯಿಸಿದಂತಾಯಿತಷ್ಟೆ. ಪ್ರತ್ಯೇಕ ಬೂತು, ಗಾಳಿಯ ಮುಖವಾಡ ಉಳ್ಳ ಕಡೆ ಕೂಲಿ ಹೆಚ್ಚಾದೀತು, ಕೊಡಬೇಕು. ಮರಳಿ ತಂದ ಟ್ಯಾಂಕಿಗೆ ವಾರದ ಮಟ್ಟಿಗಾದರೂ ಪೆಟ್ರೋಲ್ ತುಂಬದಿರುವುದು ಲೇಸು.