ಕಂಡಕ್ಟರನ ಕೂಗಿನಲ್ಲಿ ಉಳಿದ ಪೇಟೆ

ಬೆಳ್ತಂಗಡಿಯಿಂದ ಮಂಗಳೂರಿಗೆ ಹೊರಟ ಬಸ್ಸು ಬಿ.ಸಿ. ರೋಡ್ ದಾಟಿ, ತುಂಬೆ ಕಳೆಯಿತೋ ಇಲ್ಲವೋ, ಕಂಡಕ್ಟರ್ ಕೂಗುತ್ತಾನೆ: "ಫರಂಗಿಪೇಟೆ, ಫರಂಗಿಪೇಟೆ! ಯಾರುಂಟು? ಬೇಗ ಇಳೀರಿ ಮಾರಾಯ್ರೆ!" ಇಳಿಯುವವರು ಇಳಿಯುತ್ತಾರೆ, ಬಸ್ಸು ಹೊರಡುತ್ತದೆ. ಫರಂಗಿ ಯಾರು, ಪೇಟೆ ಎಲ್ಲಿತ್ತು ಅಂತ ಕೇಳುವವರಿಲ್ಲ.

ಪೇಟೆ ಇದ್ದದ್ದು ನಿಜ. ಗೋವೆ ಕಡೆಯಿಂದ ಬಂದ ಕೊಂಕಣಿ ಕ್ರೈಸ್ತರಿಗೆ ಇಕ್ಕೇರಿ ಅರಸರು ಇಲ್ಲಿ ನೆಲೆ ಕೊಟ್ಟಿದ್ದರು. ಇಲ್ಲಿನ ಗುಡ್ಡಕ್ಕೆ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನವರ ಗುಡ್ಡ, ಎಂದು ಹೆಸರು. ಅಲ್ಲೊಂದು ಇಗರ್ಜಿ, ಜೊತೆಗೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ. ನಡೆಸುತ್ತಿದ್ದವರು ಪಾದ್ರಿ ಜೋಕಿಂ ಮಿರಾಂಡ; ಹೈದರಾಲಿಗೆ ಬೇಕಾದವರು.

1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನ ದಂಡು ಬಂತು. ಅದಕ್ಕೆ ಈ ಊರವರು ನೆರವಾದರೆಂದು ಟಿಪ್ಪುವಿಗೆ ಸಿಟ್ಟು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆಮಿನರಿ ನೆಲಸಮವಾಯಿತು, ಮಿರಾಂಡ ಗಡೀಪಾರಾದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರು ಊರಿಗೆ ಮರಳಿದರು. ಆದರೆ ನಡುವೆ ಹದಿನೈದು ಮಳೆಗಾಲ ಕಳೆದಿತ್ತು! ಮಾಡು ಹೋದ ಮಣ್ಣಿನ ಗೋಡೆ ನಮ್ಮ ಮಳೆಗೆ ಎಷ್ಟು ದಿನ ನಿಂತೀತು? 1801ರಲ್ಲಿ ಈ ದಾರಿಯಾಗಿ ಬಂದ ಬುಕನನ್, ಅರ್ಕುಳಕ್ಕೆ ಫರಂಗಿಪೇಟೆ ಎಂಬ ಹೆಸರೂ ಇದೆ, ಹಿಂದೆ ಇದು ದೊಡ್ಡ ಪೇಟೆಯಾಗಿತ್ತು, ಟಿಪ್ಪು ಅದನ್ನು ಹಾಳುಗೆಡವಿದ ಎಂದು ಬರೆದಿಟ್ಟ.

ಎಲ್ಲ ಇಗರ್ಜಿಗಳ ಹಣೆಬರಹ ಒಂದೇ ಆಗಲಿಲ್ಲ. ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿಯನ್ನು ಉಳಿಸಿದವರು ಅಲ್ಲಿನ ಚೌಟ ಅರಸರು. ಜೈನ ಅರಸರ ಒಂದು ಮಾತು ಕ್ರೈಸ್ತರ ಮಂದಿರ ಕಾಯ್ದಿತು. ಕಾರ್ಕಳದ ಸಂತ ಲಾರೆನ್ಸರ ಇಗರ್ಜಿ ಬಿತ್ತು. ಇಂದು ಜಾತ್ರೆಗೆ ಜನ ಸೇರುವ ಅತ್ತೂರು ಹಳೆಯ ಜಾಗವಲ್ಲ. 1839ರಲ್ಲಿ ಹೊಸದಾಗಿ ಆರಿಸಿದ ನೆಲ.

ಫರಂಗಿಪೇಟೆಯಲ್ಲಿ ಈಗ ಕಪುಚಿನ್ ಗುರುಗಳ ಆಶ್ರಮವಿದೆ. ಅದರ ಹೆಸರೂ ಮೊಂತೆ ಮರಿಯಾನೊ. ಗೋಡೆ ಬಿದ್ದರೂ ಗುಡ್ಡದ ಹೆಸರು ಬೀಳಲಿಲ್ಲ. ಕಳೆದುಹೋದ ಜಾಗ ಹುಡುಕುವವರಿಗೆ ಮೊದಲ ಕೈಮರ ಅದೇ. ಆಮೇಲೆ ಹಾಳುಬಾವಿ, ಗಾರೆ ಮೆತ್ತಿದ ಮುರಕಲ್ಲು, ಅಜ್ಜ ಅಜ್ಜಿಯರ ಬಾಯಿಮಾತು.

ಇವೆಲ್ಲ ಎಷ್ಟು ದಿನ? ಒಂದು ಜೇಸಿಬಿ ಅರ್ಧ ದಿನದಲ್ಲಿ ಗುಡ್ಡ ತಟ್ಟು ಮಾಡುತ್ತದೆ. ಮನೆಗೆ ಪಾಯ ತೆಗೆಯುವಾಗ ಹಳೆಯ ಪಾಯ ಸಿಕ್ಕಿದರೆ ಒಂದು ದಿನ ಕೆಲಸ ನಿಲ್ಲಿಸಿ, ತಿಳಿದವರಿಗೆ ತೋರಿಸಿದರೆ ನಷ್ಟವೇನೂ ಇಲ್ಲ. ಇಗರ್ಜಿಯಾಗಲಿ, ಬಸದಿಯಾಗಲಿ, ದೈವದ ಗುಡಿಯಾಗಲಿ, ಕಲ್ಲು ಕಿತ್ತ ಮೇಲೆ ಹುಡುಕಲು ಏನುಂಟು? ಕಂಡಕ್ಟರನ ಕೂಗು ಮಾತ್ರ.