ಹೆದ್ದಾರಿ ದೂರ ಸರಿದಾಗ: ಸಣ್ಣ ಉದ್ದಿಮೆಗೆ ಸಾಮಾಜಿಕ ಜಾಲತಾಣದ ಲೆಕ್ಕಾಚಾರ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಇಕ್ಕೆಲಗಳಲ್ಲಿದ್ದ ಚನ್ನಪಟ್ಟಣದ ಗೊಂಬೆ ಅಂಗಡಿಗಳಿಗೆ ದಶಕಗಳ ಕಾಲ ಜಾಹೀರಾತಿಗೆಂದು ಪ್ರತ್ಯೇಕವಾಗಿ ಹಣ ವ್ಯಯಿಸುವ ಪ್ರಮೇಯ ಅಷ್ಟಾಗಿ ಬಂದಿರಲಿಲ್ಲ. ಮೈಸೂರಿಗೆ ಹೊರಟ ಪ್ರವಾಸಿಗರ ಕಾರುಗಳು ಅಂಗಡಿಯ ಮುಂದೆಯೇ ನಿಲ್ಲುತ್ತಿದ್ದವು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ಬೈಪಾಸ್ ಮೂಲಕ ಪಟ್ಟಣವನ್ನು ಬಳಸಿಕೊಂಡು ಹೋಯಿತು. ಕಾರುಗಳೂ ಅದರೊಡನೆ ಹೋದವು. ಗೊಂಬೆಯ ಗುಣಮಟ್ಟ ಕುಗ್ಗದಿದ್ದರೂ ವ್ಯಾಪಾರ ಕುಸಿಯಿತು.

ಗ್ರಾಹಕರು ಬರುತ್ತಿದ್ದುದು ರಸ್ತೆಯ ದೆಸೆಯಿಂದ. ಕೊಂಡುಹೋದವರ ಹೆಸರಾಗಲಿ ದೂರವಾಣಿ ಸಂಖ್ಯೆಯಾಗಲಿ ಬರೆದಿಟ್ಟುಕೊಂಡಿರದ ಅಂಗಡಿಗೆ, ರಸ್ತೆ ಸರಿದ ಮೇಲೆ ಅವರನ್ನು ತಲುಪುವ ಮಾರ್ಗವೇ ಉಳಿಯುವುದಿಲ್ಲ. ಇದಕ್ಕೆ ಪರಿಹಾರವಾಗಿ ಇಂದು ಎಲ್ಲರೂ ಸೂಚಿಸುವುದು ಸಾಮಾಜಿಕ ಜಾಲತಾಣವನ್ನು. ಸಲಹೆ ಸರಿಯಾದದ್ದೇ. ಆದರೆ ಅದೂ ಪರರ ರಸ್ತೆಯೇ ಎಂಬುದನ್ನು ಮರೆಯುವಂತಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದ ಅನುಯಾಯಿಗಳು ಏಕಾಏಕಿ ಕೈತಪ್ಪಿದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಸ್ತಬ್ಧವಾಗಿದ್ದವು.

ಹಾಗೆಂದು ದೂರ ಉಳಿಯುವುದೂ ವಿವೇಕವಲ್ಲ. ಚನ್ನಪಟ್ಟಣದಂತಹ ಕಸುಬಿಗೆ ತೋರಿಸಲು ಬೇಕಾದಷ್ಟಿದೆ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣ ಹತ್ತುವ ದೃಶ್ಯವನ್ನು ಅರ್ಧ ನಿಮಿಷ ತೋರಿಸಿದರೆ ಸಾಕು, ಹಬ್ಬಹಬ್ಬಕ್ಕೂ ಹಾಕುವ ಶುಭಾಶಯ ಪತ್ರಗಳಿಗಿಂತ ಅದು ಹೆಚ್ಚು ಫಲ ನೀಡುತ್ತದೆ. ಗೊಂಬೆಗಳಿಗಿರುವ ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಅಲ್ಲಿ ನಮೂದಿಸಬಹುದು. ಬೆಲೆಯನ್ನು ಮರೆಮಾಚಿ ‘ಸಂದೇಶ ಕಳುಹಿಸಿ’ ಎನ್ನುವ ಪರಿಪಾಠ ಮಾತ್ರ ಸಲ್ಲದು. ಬೆಲೆ ಹೇಳದ ಅಂಗಡಿಯನ್ನು ಪೇಟೆಯಲ್ಲಿಯೂ ಜನ ಶಂಕಿಸುತ್ತಾರೆ.

ಇನ್ನು ಹಣದ ವಿಚಾರ. ತೆರಿಗೆ ಹೊರತುಪಡಿಸಿ 600 ರೂ. ಬೆಲೆಯ ಗೊಂಬೆಯೊಂದಕ್ಕೆ ಮರ, ಅರಗು ಮತ್ತು ಕೂಲಿ ಸೇರಿ 330 ರೂ., ಪ್ಯಾಕಿಂಗ್‌ಗೆ 30, ಕೊರಿಯರ್‌ಗೆ 80 ರೂ. ತಗಲುವುದೆಂದಿಟ್ಟುಕೊಂಡರೆ ಉಳಿಯುವುದು 160 ರೂ. ತಿಂಗಳಿಗೆ 6,000 ರೂ. ಜಾಹೀರಾತು ನೀಡಿ 30 ಬೇಡಿಕೆ ಬಂದರೆ, ಪ್ರತಿ ಬೇಡಿಕೆಯ ಜಾಹೀರಾತು ವೆಚ್ಚವೇ 200 ರೂ. ಅಂದರೆ ಪ್ರತಿ ಮಾರಾಟಕ್ಕೂ 40 ರೂ. ನಷ್ಟ, ತಿಂಗಳಿಗೆ 1,200 ರೂ. ಸಾವಿರಾರು ‘ಲೈಕ್’ಗಳ ಸಂಭ್ರಮದಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ, ವರ್ಷಾಂತ್ಯದಲ್ಲಿ ಲಾಭ–ನಷ್ಟ ತಖ್ತೆಯಲ್ಲಿ ಬೀಳುತ್ತದೆ. ಆದರೆ ಆ 30 ಮಂದಿಯಲ್ಲಿ 10 ಮಂದಿ ಜಾಹೀರಾತಿನ ಹಂಗಿಲ್ಲದೆ ಮತ್ತೊಂದು ಗೊಂಬೆ ಕೊಂಡರೆ 1,600 ರೂ. ಸೇರಿ, ನಷ್ಟ ಕಳೆದು 400 ರೂ. ಉಳಿಯುತ್ತದೆ. ಸಣ್ಣ ಉದ್ದಿಮೆಯ ಲಾಭ ಅಡಗಿರುವುದು ಈ ಎರಡನೆಯ ಖರೀದಿಯಲ್ಲಿ.

ಎರಡನೆಯ ಖರೀದಿಗೆ ಬೇಕಾದುದು ಗ್ರಾಹಕರ ಖಾತೆ ಪುಸ್ತಕ. ಹೆಸರು, ಊರು, ಸಂಖ್ಯೆ, ಕೊಂಡ ವಸ್ತು, ಮಗುವಿನ ವಯಸ್ಸು ಇಷ್ಟಿದ್ದರೆ ಸಾಕು. ಸಂದೇಶ ಕಳುಹಿಸಲು ಅವರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಇದಕ್ಕೆ ಅನುಕೂಲಕರವಾದರೂ ಪಟ್ಟಿಯ ಪ್ರತಿಯೊಂದು ಸ್ವಂತ ಪುಸ್ತಕದಲ್ಲಿಯೋ ಗಣಕದಲ್ಲಿಯೋ ಇರತಕ್ಕದ್ದು. ಉದ್ದಿಮೆಯು ತಾನೇ ಬೆಳೆಸಿಕೊಂಡ ಗ್ರಾಹಕ ಪಟ್ಟಿಯನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನದಂಡ 26 ಅನುಮತಿಸುವುದಿಲ್ಲ. ಆಸ್ತಿ–ಹೊಣೆ ಪಟ್ಟಿಯಲ್ಲಿ ಕಾಣದ ಈ ಆಸ್ತಿಯನ್ನು ಹಲವರು ಕಡೆಗಣಿಸಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಜಾಲತಾಣದಾಚೆಗೂ ಮಾಡಬೇಕಾದುದಿದೆ. ಗೂಗಲ್ ನಕಾಶೆಯಲ್ಲಿ ಅಂಗಡಿಯ ಸ್ಥಳ, ವೇಳೆ ಮತ್ತು ಛಾಯಾಚಿತ್ರಗಳನ್ನು ಉಚಿತವಾಗಿ ನಮೂದಿಸಬಹುದು; ಬೈಪಾಸ್‌ನಿಂದ ಇಳಿದು ಬರುವವರಿಗೆ ಅದೇ ನಾಮಫಲಕ. ಶಿಶುವಿಹಾರಗಳು ಮತ್ತು ಕಚೇರಿ ಉಡುಗೊರೆ ಖರೀದಿಸುವ ಸಂಸ್ಥೆಗಳನ್ನು ಖುದ್ದಾಗಿ ಭೇಟಿ ಮಾಡಿ ಪಡೆದ ಒಂದು ಸಗಟು ಬೇಡಿಕೆ, ಹಲವು ತಿಂಗಳ ಜಾಹೀರಾತಿಗೆ ಸಮನಾದೀತು.

ತೆರಿಗೆಯ ಎರಡು ಅಂಶಗಳು ಗಮನಾರ್ಹ. ಜಿಎಸ್‌ಟಿಯಲ್ಲಿ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವ ವರ್ತಕರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇನ್‌ಸ್ಟಾಗ್ರಾಂ ನೋಡಿ ಮುಂಬಯಿಯಿಂದ ಬಂದ ಮೊದಲ ಬೇಡಿಕೆಯನ್ನು ಒಪ್ಪುವ ಮುನ್ನವೇ ಸಾಮಾನ್ಯ ಪದ್ಧತಿಗೆ ಬದಲಾಗಿರಬೇಕು. ಪ್ರಚಾರಕ್ಕೆಂದು ಉಚಿತವಾಗಿ ಹಂಚಿದ ಮಾದರಿಗಳ ಮೇಲಿನ ಹೂಡುವಳಿ ತೆರಿಗೆ ಜಮೆಯೂ ದೊರೆಯುವುದಿಲ್ಲ. ಈಗಾಗಲೇ ಪಡೆದಿದ್ದರೆ ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಹಂಚಿದ ಪ್ರತಿ ಗೊಂಬೆಯನ್ನೂ ದಾಸ್ತಾನು ಪುಸ್ತಕದಲ್ಲಿ ದಿನಾಂಕ ಸಹಿತ ಪ್ರತ್ಯೇಕವಾಗಿ ಬರೆದಿಡುವುದು ಅವಶ್ಯ.