ನೆಲ್ಲು ಅಪರೂಪದ ಪದವೆ?

ಕಳೆದ ಬೇಸಗೆಯ ರಜೆಯಲ್ಲಿ ಸಿಂಧನೂರು ತಾಲ್ಲೂಕಿನ ಜವಳಗೇರಾದ ಒಂದು ಮನೆಯ ಕಟ್ಟೆಯ ಮೇಲೆ ಮಕ್ಕಳು ಪದಗಳ ಆಟವಾಡುತ್ತಿದ್ದರು. ಒಬ್ಬರು ಒಂದು ಅಕ್ಷರವನ್ನು ಹೇಳುವುದು. ಉಳಿದವರು ಆ ಅಕ್ಷರದ ಕಾಗುಣಿತದಿಂದ ಮೊದಲಾಗುವ ಪದಗಳನ್ನು ಚೀಟಿಯಲ್ಲಿ ಬರೆಯುವುದು. ಬಳಕೆಯಲ್ಲಿಲ್ಲದ ಪದಕ್ಕೆ ಅಂಕವಿಲ್ಲ. 'ನ'ಕಾರದ ಸರದಿ ಬಂದಾಗ ಆ ಮನೆಯ ಹುಡುಗಿ 'ನೆಲ್ಲು' ಎಂದು ಬರೆದಳು. ಮೈಸೂರಿನಿಂದ ಬಂದಿದ್ದ ಅವಳ ದೊಡ್ಡಮ್ಮನ ಮಗ ಒಪ್ಪಲಿಲ್ಲ. "ಅದು ಹಳಗನ್ನಡ. ಈಗ ಯಾರೂ ಹಾಗೆ ಅನ್ನಲ್ಲ, ಭತ್ತ ಅನ್ನಬೇಕು" ಎಂದ. "ನಮ್ಮ ಗದ್ದ್ಯಾಗ ಇರೋದು ಮತ್ತೇನು ಅಣ್ಣ?" ಎಂದು ಹುಡುಗಿ ಕೇಳಿದಳು. ತೀರ್ಪು ಹೇಳಲು ನನ್ನನ್ನು ಕರೆದರು. ಭೌತಶಾಸ್ತ್ರದ ಅಧ್ಯಾಪಕನಿಗೆ ಪದಗಳ ನ್ಯಾಯವೇನು ತಿಳಿದೀತು ಎಂದು ಜಾರಿಕೊಳ್ಳಬಹುದಾಗಿತ್ತು. ಆದರೆ ವಿಚಾರ ಮಾಡಿದಂತೆಲ್ಲ ಇದು ಅಳತೆಯ ಪ್ರಶ್ನೆಯೇ ಎಂದು ನನಗೆ ತೋರಿತು.

ನಿಘಂಟಿನಿಂದ ಈ ಜಗಳ ತೀರುವಂತಿಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ 'ನೆಲ್ಲು' ಇದೆ. ಆದರೆ ಈಗ ಯಾರ ಬಾಯಲ್ಲೂ ಇಲ್ಲದ ಎಷ್ಟೋ ಪದಗಳೂ ಅದರಲ್ಲಿವೆ. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಹೊರತಂದ ಎಂಟು ಸಂಪುಟಗಳ ನಿಘಂಟಿಗೂ ಈ ಮಾತು ಸಲ್ಲುತ್ತದೆ. ಪದವೊಂದು ಇದೆಯೆಂಬುದನ್ನು ನಿಘಂಟು ಹೇಳೀತು. ಎಷ್ಟು ಬಳಕೆಯಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಎಣಿಸಲೇಬೇಕು.

ಹೀಗೆ ಎಣಿಸಿದವರಲ್ಲಿ ಪ್ರಸಿದ್ಧನಾದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ಕಿಂಗ್ಸ್‌ಲಿ ಜಿಫ್. ದೊಡ್ಡದೊಂದು ಗ್ರಂಥದ ಪದಗಳನ್ನು ಬಳಕೆಯ ಇಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಸಾಲಿನಲ್ಲಿ ಪದದ ಸ್ಥಾನವನ್ನೂ ಅದು ಬಂದ ಸಲಗಳನ್ನೂ ಗುಣಿಸಿದಾಗ ಹೆಚ್ಚುಕಡಮೆ ಒಂದೇ ಸಂಖ್ಯೆ ದೊರೆಯುತ್ತದೆಂದು ಅವನು 1935 ಮತ್ತು 1949ರ ತನ್ನ ಪುಸ್ತಕಗಳಲ್ಲಿ ತೋರಿಸಿದನು. ಮೊದಲನೆಯ ಪದ ಸಾವಿರ ಸಲ ಬಂದಿದ್ದರೆ ಹತ್ತನೆಯದು ಸುಮಾರು ನೂರು ಸಲ, ನೂರನೆಯದು ಹತ್ತು ಸಲ, ಸಾವಿರದ ಸ್ಥಾನದ್ದು ಒಂದೇ ಸಲ ಬರುತ್ತದೆ. ಇದು ಸ್ಥೂಲವಾದ ನಿಯಮ. ಆದರೂ ಇದರಿಂದ ಒಂದು ಮಾತು ಹೊರಡುತ್ತದೆ. ಸಾಮಾನ್ಯ ಪದಗಳಿಗೂ ಅಪರೂಪದ ಪದಗಳಿಗೂ ನಡುವೆ ಗೋಡೆಯಿಲ್ಲ. ಇರುವುದು ಒಂದೇ ಸಮನೆ ಇಳಿಯುವ ಉದ್ದವಾದ ಇಳಿಜಾರು. ಅದರಲ್ಲಿ ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಆಟಗಾರರೇ ತೀರ್ಮಾನಿಸಿಕೊಳ್ಳಬೇಕು.

ಇಳಿಜಾರಿನ ಬುಡದಲ್ಲಿ ಎಣಿಕೆಯೂ ನಂಬಿಕೆಗೆ ಅರ್ಹವಲ್ಲ. ಆಕಸ್ಮಿಕವಾಗಿ ಒದಗುವ ಘಟನೆಗಳನ್ನು ಎಣಿಸುವಾಗ ಬರುವ ಅನಿಶ್ಚಿತತೆ ಆ ಎಣಿಕೆಯ ವರ್ಗಮೂಲದಷ್ಟು ಎಂಬುದು ಪ್ರಯೋಗಶಾಲೆಯಲ್ಲಿ ವಿಕಿರಣದ ಕಣಗಳನ್ನು ಎಣಿಸಿದವರಿಗೆಲ್ಲ ಗೊತ್ತು. ಹತ್ತು ಸಾವಿರ ಸಲ ಬಂದ ಪದದಲ್ಲಿ ಈ ಅನಿಶ್ಚಿತತೆ ನೂರು, ಎಂದರೆ ಶೇಕಡ 1. ನಾಲ್ಕೇ ಸಲ ಬಂದ ಪದದಲ್ಲಿ ಅದು ಎರಡು, ಎಂದರೆ ಶೇಕಡ 50! ಇದರ ಮೇಲೆ ಪದಗಳಿಗೆ ಗುಂಪುಗೂಡುವ ಚಾಳಿಯೂ ಉಂಟು. ಬಿತ್ತನೆಯನ್ನು ಕುರಿತ ಒಂದೇ ಲೇಖನದಲ್ಲಿ 'ಕೂರಿಗೆ' ಇಪ್ಪತ್ತು ಸಲ ಬಂದೀತು. ಮುಂದಿನ ಸಾವಿರ ಪುಟಗಳಲ್ಲಿ ಒಮ್ಮೆಯೂ ಬಾರದೆ ಹೋದೀತು. ಆದುದರಿಂದ ಪದ ಎಷ್ಟು ಸಲ ಬಂತು ಎಂಬುದಕ್ಕಿಂತ ಎಷ್ಟು ಬೇರೆ ಬೇರೆ ಬರಹಗಳಲ್ಲಿ ಬಂತು ಎಂಬುದೇ ಉತ್ತಮವಾದ ಅಳತೆ.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಮೈಗಂಟಿಸಿಕೊಂಡೇ ತಿರುಗುತ್ತವೆ: ನೆಲ್ಲು, ನೆಲ್ಲನ್ನು, ನೆಲ್ಲಿನ, ನೆಲ್ಲಿಗೆ. ಇವನ್ನು ಬೇರೆ ಬೇರೆಯಾಗಿ ಎಣಿಸುವ ಗಣಕಕ್ಕೆ ಒಂದು ಬಳಕೆಯ ಪದ ನಾಲ್ಕು ಅಪರೂಪದ ಪದಗಳಾಗಿ ಕಾಣುತ್ತದೆ. ಮೂಲರೂಪಕ್ಕೆ ತಂದು ಎಣಿಸೋಣವೆಂದರೆ, 'ನೆಲ್ಲಿಗೆ' ಎಂಬುದು ನೆಲ್ಲಿನ ಚತುರ್ಥಿಯೋ ನೆಲ್ಲಿಕಾಯಿಯ ನೆಲ್ಲಿಯದೋ? ವಾಕ್ಯವನ್ನು ಓದಿದ ಮನುಷ್ಯನಿಗೆ ಥಟ್ಟನೆ ತಿಳಿಯುವ ಈ ವಿಷಯವನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು, ಎಣಿಸಲು ಆರಿಸಿಕೊಂಡ ಬರಹಗಳು ಯಾವುವು ಎಂಬುದು. ಉಷ್ಣಮಾಪಕವನ್ನು ಮೈಸೂರಿನಲ್ಲಿಟ್ಟು ರಾಯಚೂರಿನ ಬಿಸಿಲನ್ನು ಯಾರೂ ಅಳೆಯಲಾರರು. ಆದರೆ ಪದಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಬಹುಮಟ್ಟಿಗೆ ಅದನ್ನೇ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಅಚ್ಚಿನ ಕನ್ನಡವು ರೂಪುಗೊಂಡದ್ದು ಹೆಚ್ಚಾಗಿ ಬೇರೆ ಕಡೆಯ ಮಾತಿನ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸಿಂಧನೂರಿನ ಸುತ್ತ ಬೆಳೆಯುವುದು ಬೆಳೆದವರ ಬಾಯಲ್ಲಿ ನೆಲ್ಲು, ಪಠ್ಯಪುಸ್ತಕದಲ್ಲಿ ಭತ್ತ. ತಮಿಳಿನಲ್ಲೂ ಮಲೆಯಾಳದಲ್ಲೂ ಇಂದಿಗೂ ಮನೆಮಾತಾಗಿರುವ ಈ ಪದ ಅಚ್ಚಿನಲ್ಲಿ ವಿರಳವಾಗಿದೆಯೆಂದಮಾತ್ರಕ್ಕೆ ಹುಡುಗಿಯ ಚೀಟಿಯ ಮೇಲೆ ಅಡ್ಡಗೆರೆ ಬೀಳುತ್ತದೆ. ಆಟದಲ್ಲಿ ಹೋಗುವುದು ಒಂದು ಅಂಕ. ಶಾಲೆಯ ಉತ್ತರಪತ್ರಿಕೆಯಲ್ಲಿ ಇದೇ ಗೆರೆ ವರ್ಷವರ್ಷವೂ ಬಿದ್ದರೆ, ತನ್ನ ತಾಯಿಗೆ ಸರಿಯಾಗಿ ಕನ್ನಡ ಬಾರದೆಂದು ಮಗು ತಿಳಿಯುತ್ತದೆ. ಹಾಗೆ ತಿಳಿದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲೂ ಕುಳಿತಿದ್ದಾರೆ. ಪ್ರಶ್ನೆ ಕೇಳಲು ಬಾಯಿ ತೆರೆಯದವರು ಅವರೇ.

ಅಳತೆಯ ಈ ದೋಷವನ್ನು ಬೇರೆ ದೇಶಗಳವರೂ ಕಂಡುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ, ಓದುಗರು ಒಂದು ಪದವನ್ನು ಎಷ್ಟು ಬೇಗ ಗುರುತಿಸುತ್ತಾರೆ ಎಂಬುದನ್ನು ಹಳೆಯ ಗ್ರಂಥಾಧಾರಿತ ಪಟ್ಟಿಗಳಿಗಿಂತ ಚಲನಚಿತ್ರ, ದೂರದರ್ಶನಗಳ ಅಡಿಬರಹಗಳಿಂದ ಮಾಡಿದ ಎಣಿಕೆ ಚೆನ್ನಾಗಿ ಮುನ್ಸೂಚಿಸಿತು. ಅವು ಆಡುಮಾತಿಗೆ ಹತ್ತಿರವಲ್ಲವೆ? ಎಣಿಕೆಯನ್ನೇ ಬಿಟ್ಟು ಜನರನ್ನು ಕೇಳುವ ದಾರಿಯೂ ಇದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 62,000 ಇಂಗ್ಲಿಷ್ ಪದಗಳನ್ನು ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿ, 'ಇದು ನಿಮಗೆ ಗೊತ್ತೆ?' ಎಂದಷ್ಟೇ ಕೇಳಲಾಯಿತು. 2021ರಲ್ಲಿ ಬಳಕೆಗೆ ಬಂದು ಜಗತ್ತಿನಲ್ಲೆಲ್ಲ ಹಬ್ಬಿದ 'ವರ್ಡಲ್' ಎಂಬ ಆಟದಲ್ಲಿ, ಐದಕ್ಷರದ ಸುಮಾರು 12,000 ಇಂಗ್ಲಿಷ್ ಪದಗಳನ್ನು ಸುಮಾರು 2,500ಕ್ಕೆ ಇಳಿಸಿದವರು ಆಟವನ್ನು ರಚಿಸಿದಾತನ ಜೊತೆಗಾತಿ ಪಲಕ್ ಶಾ. ಗೊತ್ತಿರುವ ಪದಗಳನ್ನು ಇಟ್ಟುಕೊಂಡು ಉಳಿದವನ್ನು ಅವರು ಬಿಟ್ಟರು. ಕೋಟ್ಯಂತರ ಜನರಿಗೆ ಒಬ್ಬರ ನೆನಪೇ ಅಳತೆಗೋಲಾಯಿತು!

ಮಕ್ಕಳಿಗೆ ನಾನು ಹೇಳಿದ್ದು ಇಷ್ಟೆ. ಅನುಮಾನ ಬಂದ ಪದವನ್ನು ಹಿಡಿದುಕೊಂಡು ಬೀದಿಯ ಹತ್ತು ಮನೆಗಳಿಗೆ ಹೋಗಿರಿ. ಅರ್ಥವನ್ನು ನೀವು ಹೇಳಬೇಡಿ, ಅವರೇ ಹೇಳಲಿ. ಐದು ಮನೆಗಳಲ್ಲಿ ಸರಿಯಾಗಿ ಹೇಳಿದರೆ ಆ ಪದಕ್ಕೆ ಅಂಕವುಂಟು. ಮನೆ ಹತ್ತೇ ಇರುವುದರಿಂದ ಇದು ಸೂಕ್ಷ್ಮವಾದ ಅಳತೆಯೇನೂ ಅಲ್ಲ. ಮೈಸೂರಿನಲ್ಲಿ ಆಡುವಾಗ ಅಲ್ಲಿಯ ಹತ್ತು ಮನೆಗಳನ್ನು ಕೇಳಬೇಕಾದೀತೆಂಬುದನ್ನೂ ಹೇಳಿದೆ. ಮಕ್ಕಳು ಹೊರಟರು, ನೆಲ್ಲು ಮೊದಲ ಐದು ಮನೆಗಳಲ್ಲೇ ಗೆದ್ದುಬಂತು. ಅಷ್ಟರಲ್ಲಿ ಹುಡುಗಿ ಅಣ್ಣನ ಚೀಟಿಯನ್ನು ಎತ್ತಿಕೊಂಡು ಓದುತ್ತಿದ್ದಳು. ಅದರಲ್ಲಿ ಮೊದಲನೆಯ ಪದ 'ನಲ್ಲಿ'. ಜವಳಗೇರಾದಲ್ಲಿ ನೀರು ಬರುವುದು ನಳದಲ್ಲಿ. ಮಕ್ಕಳು ಮತ್ತೆ ಬೀದಿಗಿಳಿದರು.